ಒಂದು ಶೆಡ್ಡು, ಒಂಬತ್ತು ಕ್ರೋಮು

ಪೀಣ್ಯ ಎರಡನೇ ಹಂತದಲ್ಲಿ ಒಂದು ಶೆಡ್ಡು. ಶೆಡ್ಡಿನೊಳಗೆ ನಾಲ್ಕು ಲೇತು, ಎರಡು ವಿಎಂಸಿ, ಒಂದು ಪವರ್ ಪ್ರೆಸ್ಸು. ಮೂಲೆಯಲ್ಲಿ ಒಂದು ಗಾಜಿನ ಗೂಡು. ಗೂಡಿನೊಳಗೆ ಎಸಿ ಒಂದು, ಗಣಪತಿ ಒಂದು, ಕಂಪ್ಯೂಟರ್ ಒಂದು, ನಾನು ಒಬ್ಬ. ಎಸಿ ಇರುವುದು ಕಂಪ್ಯೂಟರಿಗಾಗಿ, ಕಂಪ್ಯೂಟರ್ ಇರುವುದು ಜಿಎಸ್‌ಟಿಗಾಗಿ, ನಾನಿರುವುದು ಯಜಮಾನರು ಗಂಟೆಗೊಮ್ಮೆ ಬಾಗಿಲಲ್ಲಿ ತಲೆ ತೂರಿಸಿ "ಏನ್ರೀ, ಆಯ್ತೇನ್ರೀ?" ಅಂತ ಕೇಳುವುದಕ್ಕಾಗಿ. ಗಣಪತಿ ಯಾತಕ್ಕೆ ಅಂದರೆ, ಇಷ್ಟೆಲ್ಲ ಇದ್ದೂ ಸರ್ವರ್ ಬರದೇ ಹೋದಾಗ ಕೈಮುಗಿಯಲು ಯಾರಾದರೂ ಬೇಕಲ್ಲ.

ಈ ಕಂಪ್ಯೂಟರಿನ ಪರದೆ ಮೇಲೆ ಕ್ರೋಮಿನ ಐಕಾನು ಒಂಬತ್ತಿವೆ. ಮೊನ್ನೆ ಆಡಿಟರ್ ಕಡೆಯಿಂದ ಬಂದ ಹುಡುಗ ನೋಡಿ, "ಏನ್ ಸಾರ್, ಒಂದೇ ಬ್ರೌಸರನ್ನ ಇಷ್ಟು ಸಲ ಇನ್‌ಸ್ಟಾಲ್ ಮಾಡಿದ್ದೀರಾ?" ಅಂತ ಕೇಳಿದ. ಸಿಎ ಓದುತ್ತಿರುವ ಹುಡುಗ, ಪಾಪ. ಇನ್‌ಸ್ಟಾಲ್ ಆಗಿರುವುದು ಒಂದೇ ಕಣಪ್ಪ, ಇವೆಲ್ಲ ಬರೀ ಬಾಗಿಲು ಅಂದೆ. ತಿರುಪತಿಯಲ್ಲಿ ತಿಮ್ಮಪ್ಪ ಒಬ್ಬನೇ ತಾನೇ? ಆದರೂ ಧರ್ಮದರ್ಶನಕ್ಕೆ ಒಂದು ಸಾಲು, ಮುನ್ನೂರು ರೂಪಾಯಿಗೆ ಒಂದು ಸಾಲು, ಶಿಫಾರಸು ಪತ್ರಕ್ಕೆ ಇನ್ನೊಂದು ಸಾಲು. ಹಾಗೇ ಇದು.

ಈ ಶಾರ್ಟ್‌ಕಟ್ಟನ್ನು ಕನ್ನಡದಲ್ಲಿ ಏನನ್ನಬೇಕು ಅನ್ನುವುದೇ ಒಂದು ತಕರಾರು. ಅಡ್ಡದಾರಿ ಅಂದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಾರೆ. ಅಡ್ಡದಾರಿ ಹಿಡಿದ ಹುಡುಗನಿಗೆ ಹೆಣ್ಣು ಸಿಕ್ಕುವುದಿಲ್ಲ. ಒಳದಾರಿ ಅನ್ನೋದು ಆಟೋದವರ ಮಾತು, ಕೇಳಿದೊಡನೆ ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಕಣ್ಣ ಮುಂದೆ ಬರುತ್ತದೆ. ನಮ್ಮಜ್ಜಿ ಸೀಳುದಾರಿ ಅನ್ನುತ್ತಿದ್ದರು. ಗದ್ದೆಯ ಬದುವಿನ ಮೇಲೆ ಹಾದು ಸಂತೆಗೆ ಬೇಗ ಮುಟ್ಟಿಸುವ ದಾರಿ. ಮಾತು ಚೆನ್ನಾಗಿದೆ. ಆದರೆ ನಮ್ಮ ಯಜಮಾನರಿಗೆ "ಸಾರ್, ಆ ಸೀಳುದಾರಿ ಮೇಲೆ ಎರಡು ಸಲ ಕುಟ್ಟಿ" ಅಂದರೆ ಮೌಸ್ ಸೀಳಿಹೋಗುವ ಭಯವಿದೆ. ಹಿತ್ತಾಳೆ ಬುಷ್ ಹಿಡಿದು ಬೆಳೆದ ಕೈ ಅದು. ಶಾರ್ಟ್‌ಕಟ್ಟೇ ಇರಲಿ.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದಾಗಿನಿಂದ ಈ ಐಕಾನುಗಳ ಎಡಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣವಿದೆ. 'ನಾನು ಅವನಲ್ಲ, ಅವನ ಮನೆ ತೋರಿಸೋನು ಅಷ್ಟೆ' ಅಂತ ಆ ಬಾಣ ಮೂವತ್ತು ವರ್ಷದಿಂದ ಹೇಳುತ್ತಲೇ ಇದೆ. ಕೇಳುವವರು ಯಾರು? ನಮ್ಮ ಸ್ಟೋರ್‌ಕೀಪರ್ ಒಮ್ಮೆ ಮಗಳಿಗೆ ಟ್ಯಾಲಿ ಕಲಿಸಬೇಕೆಂದು ಟ್ಯಾಲಿಯ ಐಕಾನನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ದಾಸರಹಳ್ಳಿಯ ಮನೆಗೆ ಹೋದರು. ಎರಡು ಮೂರು ಕೆಬಿ ತೂಕದ ಮಾಲು. ದರ್ಶಿನಿಯ ಬೋರ್ಡು ಕಿತ್ತುಕೊಂಡು ಹೋಗಿ ಮನೆಯಲ್ಲಿ ದೋಸೆ ಕೇಳಿದ ಹಾಗಾಯಿತು. ಯಜಮಾನರದು ಇದರ ಉಲ್ಟಾ. ಪರದೆ ಗಲೀಜಾಗಿದೆ ಅಂತ ಒಂದು ಐಕಾನು ಅಳಿಸಿ, ಆಮೇಲೆ ಎದೆ ಹಿಡಿದುಕೊಂಡು ಬಂದರು: "ಏನ್ರೀ, ಇಂಟರ್‌ನೆಟ್ ಅಳಿಸಿಬಿಟ್ಟೆ ಕಣ್ರೀ!" ಊರಿನ ದಾರಿ ತೋರಿಸುವ ಕಲ್ಲು ಬಿದ್ದರೆ ಊರು ಬೀಳುವುದಿಲ್ಲ ಸಾರ್ ಅಂತ ಸಮಾಧಾನ ಮಾಡಿದೆ. ಆದರೂ ಅವತ್ತು ಸಂಜೆವರೆಗೆ ಅವರು ಕಂಪ್ಯೂಟರ್ ಮುಟ್ಟಲಿಲ್ಲ. ಆ ದಿನ ಬಹಳ ಕೆಲಸವಾಯಿತು.

ಒಂಬತ್ತರಲ್ಲಿ ಮೊದಲ ಮೂರಕ್ಕೆ 'ಸಾಹೇಬರು', 'ಅಮ್ಮಾವ್ರು', 'ಮನೆದೇವ್ರು' ಅಂತ ಹೆಸರು. ಮೂರೂ ಸಂಸ್ಥೆಗಳೇ. ಶೆಡ್ಡು ಒಂದೇ, ಕಾಫಿ ಫ್ಲಾಸ್ಕ್ ಒಂದೇ, ಬೋರ್ಡು ಮಾತ್ರ ಮೂರು. ಒಂದು ಯಜಮಾನರ ಹೆಸರಲ್ಲಿ, ಒಂದು ಅವರ ಹೆಂಡತಿಯ ಹೆಸರಲ್ಲಿ, ಇನ್ನೊಂದಕ್ಕೆ ಮನೆದೇವರ ಹೆಸರು. ಪೀಣ್ಯ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೂರಕ್ಕೂ ಬೇರೆ ಜಿಎಸ್‌ಟಿ ನಂಬರು, ಬೇರೆ ಪಾಸ್‌ವರ್ಡು. ಓಟಿಪಿ ಮಾತ್ರ ಮೂರಕ್ಕೂ ಒಂದೇ ಮೊಬೈಲಿಗೆ ಬರುತ್ತದೆ, ಅದೂ ಯಜಮಾನರು ಸ್ನಾನಕ್ಕೆ ಇಳಿದ ಮೇಲೆ.

ಮೊದಲೆಲ್ಲ ಒಂದೇ ಕ್ರೋಮಿನಲ್ಲಿ ಮೂರನ್ನೂ ತೂಗಿಸುತ್ತಿದ್ದೆ. ಒಂದು ತಿಂಗಳು ಅಮ್ಮಾವ್ರ ಇನ್ವಾಯ್ಸುಗಳನ್ನು ಸಾಹೇಬರ ಲಾಗಿನ್ನಿನಲ್ಲಿ ಏರಿಸಿಬಿಟ್ಟೆ. ಮುಂದಿನ ತಿಂಗಳ ರಿಟರ್ನಿನಲ್ಲಿ ತಿದ್ದುಪಡಿ ಹಾಕಿ ಸರಿಮಾಡುವುದಾಯಿತು, ಸರಕಾರದ ಮಟ್ಟಿಗೆ. ಮನೆಯಲ್ಲಿ ಅಮ್ಮಾವ್ರು "ನನ್ನ ವ್ಯಾಪಾರ ನಿಮ್ಮ ಲೆಕ್ಕಕ್ಕೆ ಹ್ಯಾಗೆ ಹೋಯ್ತು?" ಅಂತ ಯಜಮಾನರನ್ನು ಕೇಳಿದ್ದಕ್ಕೆ ಯಾವ ಫಾರಮ್ಮಿನಲ್ಲೂ ತಿದ್ದುಪಡಿ ಇರಲಿಲ್ಲವಂತೆ.

ಆಗ ನನಗೆ ಬಾಲಂಗೋಚಿ ವಿದ್ಯೆ ಕಲಿಸಿದವನು ನಮ್ಮಕ್ಕನ ಮಗ, ವೈಟ್‌ಫೀಲ್ಡಿನವನು. ಅವನ ವಿಷಯ ಆಮೇಲೆ. ವಿದ್ಯೆ ಇಷ್ಟೇ. ಐಕಾನಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ಅನ್ನಿ. ಪ್ರಾಪರ್ಟಿ ಅಂದರೆ ಸೈಟು ಮನೆ ಅಲ್ಲ ಸಾರ್, ಗಾಬರಿ ಬೇಡ. ಅಲ್ಲಿ ಟಾರ್ಗೆಟ್ ಅಂತ ಒಂದು ಸಾಲು, ಕ್ರೋಮಿನ ಪೂರಾ ವಿಳಾಸ, ಉದ್ಧರಣ ಚಿಹ್ನೆಯೊಳಗೆ. ಆ ಚಿಹ್ನೆ ಮುಗಿದ ಮೇಲೆ ಒಂದು ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ, ನಿಮಗೆ ಬೇಕಾದ ಮಾತು ಬರೆದರೆ ಅದು ಬಾಲಂಗೋಚಿ. ಗಾಳಿಪಟ ಒಂದೇ, ಬಾಲಕ್ಕೆ ಯಾವ ಚಿಂದಿ ಕಟ್ಟಿದ್ದೀರಿ ಅನ್ನುವುದರ ಮೇಲೆ ಅದು ಆಡುವ ರೀತಿ ಬೇರೆ. '--ಇನ್‌ಕಾಗ್ನಿಟೊ' ಅಂತ ಕಟ್ಟಿದರೆ ಚರಿತ್ರೆ ಇಟ್ಟುಕೊಳ್ಳದ ಕಿಟಕಿ. '--ಆಪ್' ಅಂತ ಕಟ್ಟಿ ಈಕ್ವಲ್ ಟು ಹಾಕಿ ವಿಳಾಸ ಬರೆದರೆ ಮೇಲಿನ ಪಟ್ಟಿಯೇ ಇಲ್ಲದ ಬೋಳು ಕಿಟಕಿ. '--ಪ್ರೊಫೈಲ್-ಡೈರೆಕ್ಟರಿ' ಅಂದರೆ ಒಬ್ಬೊಬ್ಬರಿಗೆ ಒಂದೊಂದು ಸಂಸಾರ.

ಕೇಳೋಕೆ ಸುಲಭ. ಕಟ್ಟುವಾಗ ನನ್ನ ಜೀವ ಬಾಯಿಗೆ ಬಂತು. ಮೊದಲನೆಯದು, ನಾನು ಮಹಾಶಯ ಈ ಸಾಲನ್ನು ವರ್ಡಿನಲ್ಲಿ ಟೈಪಿಸಿ ಇಟ್ಟುಕೊಂಡಿದ್ದೆ. ವರ್ಡು ತುಂಬ ಸಂಸ್ಕಾರವಂತ ಪ್ರಾಣಿ. ಎರಡು ಪುಟ್ಟ ಗೆರೆ ಕಂಡರೆ ಅಕ್ಕಪಕ್ಕ ಯಾಕೆ ಅಂತ ಸೇರಿಸಿ ಒಂದೇ ಉದ್ದಗೆರೆ ಮಾಡುತ್ತದೆ, ನೆಟ್ಟಗಿರುವ ಉದ್ಧರಣ ಚಿಹ್ನೆಯ ಮೀಸೆ ತಿರುವುತ್ತದೆ. ಆ ಮೀಸೆ ಹೊತ್ತ ಸಾಲನ್ನು ಅಂಟಿಸಿದರೆ ಕ್ರೋಮಿಗೆ ತಲೆಬುಡ ತಿಳಿಯುವುದಿಲ್ಲ. ಎರಡನೆಯದು, ಪ್ರೊಫೈಲಿಗೆ ನೀವು 'ಅಮ್ಮಾವ್ರು' ಅಂತ ಎಷ್ಟೇ ಭಕ್ತಿಯಿಂದ ಹೆಸರಿಟ್ಟರೂ ಒಳಗೆ ಅದರ ಫೋಲ್ಡರಿನ ಹೆಸರು 'ಪ್ರೊಫೈಲ್ 1'. ಸಾಹೇಬರದು 'ಡಿಫಾಲ್ಟ್'. ಸ್ಕೂಲಿನ ಹೆಸರು ಬೇರೆ, ತೊಟ್ಟಿಲ ಹೆಸರು ಬೇರೆ. ತೊಟ್ಟಿಲ ಹೆಸರು ತಿಳಿಯಬೇಕಾದರೆ ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ವರ್ಷನ್ ಅಂತ ಬರೆದು 'ಪ್ರೊಫೈಲ್ ಪಾತ್' ಅನ್ನುವ ಸಾಲು ನೋಡಬೇಕು. ಮೂರನೆಯದು, ಪ್ರೊಫೈಲಿಗೂ 1ಕ್ಕೂ ನಡುವೆ ಜಾಗವಿದೆಯಲ್ಲ, ಅವೆರಡನ್ನೂ ಉದ್ಧರಣದೊಳಗೆ ಕಟ್ಟಿಹಾಕದಿದ್ದರೆ ಜೋಡಿ ಒಡೆಯುತ್ತದೆ. ಅನಾಥವಾದ 1 ಯಾವುದೋ ವೆಬ್‌ಸೈಟ್ ಇರಬೇಕು ಅಂತ ಕ್ರೋಮು 0.0.0.1 ಅನ್ನುವ ವಿಳಾಸ ಹುಡುಕಿಕೊಂಡು ಹೋಗುತ್ತದೆ. ಅಂಥ ಊರೇ ಇಲ್ಲ. ಒಂದು ವಾರ ಅಮ್ಮಾವ್ರ ಜಿಎಸ್‌ಟಿಗೆ ಅಂತ ಹೊರಟು ಆ ಇಲ್ಲದ ಊರಿನ ಬಾಗಿಲಲ್ಲಿ ನಿಂತಿದ್ದೆ.

ಹೆಸರಿನ ಮಾತು ಬಂತು. ಐಕಾನಿಗೆ ಕನ್ನಡದಲ್ಲಿ ಹೆಸರಿಡುವುದು ಈಗ ಏನೂ ಅಲ್ಲ. ಹಿಂದೆ ಹೀಗಿರಲಿಲ್ಲ. ನುಡಿ, ಬರಹ ಬಳಸಿ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಾಲದಲ್ಲಿ ಅಕ್ಷರ ಕನ್ನಡದ ವೇಷ ಹಾಕಿದ ಇಂಗ್ಲಿಷೇ. ಫಾಂಟು ಬದಲಾದರೆ ವೇಷ ಕಳಚುತ್ತಿತ್ತು. ಐಕಾನಿನ ಹೆಸರಿಗೆ ಫಾಂಟು ನಾವು ಹೇಳಿದ್ದಲ್ಲ, ವಿಂಡೋಸಿನದು. ಹಾಗಾಗಿ 'ಸಾಹೇಬರು' ಅಂತ ಬರೆದರೆ ಬೈಗುಳದ ಹಾಗೆ ಏನೋ ಕಾಣುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂತು, ಯೂನಿಕೋಡಿನ ಕನ್ನಡ ಬಂತು, ಐಕಾನಿನ ಕೆಳಗೆ ಕನ್ನಡ ಕನ್ನಡವಾಗಿಯೇ ನಿಂತಿತು. ಈಗ ಒಂದೇ ನಿರ್ಬಂಧ: ಹೆಸರಿನಲ್ಲಿ ಒಂಬತ್ತು ಚಿಹ್ನೆ ಬರಕೂಡದು. ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನಾರ್ಥಕ ವಗೈರೆ. 'ಇವತ್ತೇ ಲಾಸ್ಟಾ?' ಅಂತ ಒಂದು ಐಕಾನಿಗೆ ಹೆಸರಿಡಲು ಹೋದೆ, ಪ್ರಶ್ನೆ ಕೇಳಬೇಡ ಅಂದಿತು ವಿಂಡೋಸು. ನಮ್ಮ ಯಜಮಾನರ ಗುಣವೇ.

ಚಿತ್ರವನ್ನೂ ಬದಲಿಸಬಹುದು. ಪ್ರಾಪರ್ಟೀಸಿನಲ್ಲೇ 'ಚೇಂಜ್ ಐಕಾನ್' ಇದೆ. ಶೆಲ್32 ಅನ್ನುವ ಹಳೆಯ ಕಡತದಲ್ಲಿ ವಿಂಡೋಸಿನವರು ಒಂದು ಪೆಟ್ಟಿಗೆ ಚಿತ್ರ ತುಂಬಿಟ್ಟಿದ್ದಾರೆ: ಬೀಗ, ಕೀಲಿಕೈ, ಭೂಗೋಳ, ಒಂದು ಹಸಿರು ಮರ. ಮರವನ್ನು ಮನೆದೇವ್ರಿಗೆ ಕೊಟ್ಟೆ, ಅರಳಿಮರ ಅಂದುಕೊಳ್ಳಲಿ. ಯಜಮಾನರಿಗೆ ಸಮಾಧಾನವಿಲ್ಲ. ಸಾಹೇಬರ ಐಕಾನಿಗೆ ಗಣಪತಿಯೇ ಬೇಕು. ವಾಟ್ಸಾಪಿನಲ್ಲಿ ಬಂದ ಜೆಪೆಗ್ ಗಣಪತಿಯನ್ನು ವಿಂಡೋಸು ಅಲ್ಲಿ ಒಪ್ಪುವುದಿಲ್ಲ, ಐಕೋ ಅನ್ನುವ ಜಾತಿಗೆ ಸೇರಿಸಬೇಕು. ಸೇರಿಸಿದೆ. ಸಾವಿರ ಚುಕ್ಕೆಯ ಗಣಪತಿ ಮೂವತ್ತೆರಡು ಚುಕ್ಕೆಗೆ ಇಳಿದಾಗ ಸೊಂಡಿಲು ಹೊಟ್ಟೆಯಲ್ಲಿ ಕರಗಿ, ಕಿರೀಟವಿಟ್ಟ ಆಲೂಗಡ್ಡೆಯ ಹಾಗಾಯಿತು. ಯಜಮಾನರಿಗೆ ಅದು ಗಣಪತಿಯೇ. ಚಪ್ಪಲಿ ಬಿಟ್ಟು ಕ್ಲಿಕ್ ಮಾಡುತ್ತಾರೆ.

ನಾಲ್ಕನೆಯದು 'ಹೊಸೂರು'. ಇದು ಇ-ವೇ ಬಿಲ್ಲಿನ ಐಕಾನು. ಹೊಸೂರು ಅಂತ ಯಾಕೆ ಹೆಸರು ಅನ್ನುವುದು ನಮ್ಮ ಬೆಲ್ಟಿನ ಒಳಗಿನ ವಿಷಯ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಜಾಬ್ ವರ್ಕಿಗೆ ಕಳಿಸಿದರೆ ಬೆಲೆಯ ಲೆಕ್ಕವೇ ಇಲ್ಲ, ಒಂದು ಚೀಲ ಬುಷ್ ಆದರೂ ಬಿಲ್ ಬೇಕೇ ಬೇಕು. ಪ್ಲೇಟಿಂಗಿಗೆ ನಾವು ಕಳಿಸುವುದು ಹೊಸೂರಿಗೆ. ಎಲೆಕ್ಟ್ರಾನಿಕ್ ಸಿಟಿ ದಾಟಿ, ಅತ್ತಿಬೆಲೆ ದಾಟಿದರೆ ತಮಿಳುನಾಡು. ಅದೇ ಚೀಲ ಅದಕ್ಕಿಂತ ದೂರದ ತುಮಕೂರಿಗೆ ಹೋದರೆ ಕೇಳುವವರಿಲ್ಲ! ಹಾಗಾಗಿ ದಿನಕ್ಕೆ ನಾಲ್ಕು ಸಲ ಹೊಸೂರು ಒತ್ತುತ್ತೇನೆ. ಇದಕ್ಕೆ ಕಂಟ್ರೋಲ್, ಆಲ್ಟ್, ಎಚ್ ಅಂತ ಕೀಲಿಯನ್ನೂ ಕೊಟ್ಟಿದ್ದೇನೆ. ಐಕಾನು ಡೆಸ್ಕ್‌ಟಾಪಿನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದರೆ ಮಾತ್ರ ಈ ಕೀಲಿ ಕೇಳುತ್ತದೆ, ಬೇರೆ ಫೋಲ್ಡರಿಗೆ ಒಯ್ದರೆ ಕಿವುಡು. ಲಾರಿಗಳಿಗೆ ಮೊದಲೇ ಆನ್‌ಲೈನ್ ಚೀಟಿ ಬರೆದು ಕಳಿಸುವ ಅಭ್ಯಾಸ ನಮಗೆ ವ್ಯಾಟ್ ಕಾಲದ ಇ-ಸುಗಮ್‌ನಿಂದಲೇ ಇತ್ತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಶುರುಮಾಡಿದ ಮೊದಲ ರಾಜ್ಯ ಕರ್ನಾಟಕ. ಏಪ್ರಿಲ್ 1 ಅಂದಾಗ ಯಜಮಾನರು ನಂಬಿರಲಿಲ್ಲ ಅನ್ನುವುದು ಬೇರೆ ಮಾತು.

ಐದನೆಯದು ಕರೆಂಟು ಬಿಲ್ಲಿಗೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒತ್ತಿದರೆ ಎದೆ ಝಲ್ಲೆನ್ನುತ್ತದೆ, ಅಷ್ಟೆ.

ಆರನೆಯದು 'ಡಿಸಿ'. ಜಿಲ್ಲಾಧಿಕಾರಿಗಳಲ್ಲ, ಡೆಲಿವರಿ ಚಲನ್. ನಮ್ಮ ಬಿಲ್ಲಿಂಗು ಬ್ರೌಸರಿನಲ್ಲೇ ನಡೆಯುತ್ತದೆ. ಪ್ರತಿ ಚಲನ್ನಿಗೂ ಪ್ರಿಂಟ್ ಒತ್ತಿ, ಆಮೇಲೆ ಬರುವ ಪೆಟ್ಟಿಗೆಯಲ್ಲಿ ಮತ್ತೆ ಪ್ರಿಂಟ್ ಒತ್ತಿ ಬೆರಳು ಸವೆದಿತ್ತು. '--ಕಿಯೋಸ್ಕ್-ಪ್ರಿಂಟಿಂಗ್' ಅಂತ ಬಾಲ ಕಟ್ಟಿದರೆ ಆ ಪೆಟ್ಟಿಗೆ ಬರುವುದೇ ಇಲ್ಲ; ಒತ್ತಿದ್ದೇ ತಡ, ಡಿಫಾಲ್ಟ್ ಪ್ರಿಂಟರಿಗೆ ಹೋಗುತ್ತದೆ. ಬಿಲ್ಲಿಂಗ್ ಕೌಂಟರಿಗೆ ಇದಕ್ಕಿಂತ ಒಳ್ಳೆಯ ಬಾಲ ಇಲ್ಲ ಅಂತ ಈಗಲೂ ಹೇಳುತ್ತೇನೆ. ತಪ್ಪಾದದ್ದು ನನ್ನಿಂದ. ಹೊಸ ಐಕಾನು ಮಾಡುವ ಸೋಮಾರಿತನಕ್ಕೆ ಅದನ್ನೇ ನಕಲು ಮಾಡಿ, ವಿಳಾಸ ಬದಲಿಸಿ, ಯಜಮಾನರ ಖಾಸಗಿ ಕೆಲಸಕ್ಕೆ ಅಂತ ಏಳನೆಯ ಐಕಾನು ಮಾಡಿಕೊಟ್ಟೆ. ಹೆಸರು 'ತಿಮ್ಮಪ್ಪ'. ಬಾಲ ಬಿಚ್ಚುವುದು ಮರೆತಿತ್ತು.

ಯಜಮಾನರು ತಿರುಪತಿಯ ವಿಶೇಷ ದರ್ಶನದ ಟಿಕೆಟು ತೆಗೆದರು, ಆರು ಜನಕ್ಕೆ. ಪ್ರಿಂಟ್ ಒತ್ತಿದರು. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸು ಕಿರ್ರೋ ಅಂತ ಹೊರಟಿತು. ಅದರಲ್ಲಿದ್ದದ್ದು ಮೂರು ಪದರದ ಡಿಸಿ ಹಾಳೆ: ಬಿಳಿ, ಗುಲಾಬಿ, ಹಳದಿ. ಪರದೆಯ ಮೇಲೆ ಏನೂ ಆಗಲಿಲ್ಲ ಅಂತ ಇನ್ನೊಂದು ಸಲ ಒತ್ತಿದರು. ಮತ್ತೊಂದು ಸಲ. ಸದ್ದಿಗೆ ಓಡಿಬಂದ ಡಿಸ್ಪ್ಯಾಚ್ ಹುಡುಗ, ಅಭ್ಯಾಸಬಲದಿಂದ, ಹಾಳೆ ಹರಿದು ಸೀಲು ಹೊಡೆದು ಗೇಟಿಗೆ ಒಯ್ದ. ಗೇಟಿನ ವಾಚ್‌ಮನ್ ಅಭ್ಯಾಸಬಲದಿಂದ ಸಮಯ ಬರೆದು ಸಹಿ ಹಾಕಿದ. ಬಿಳಿ ಪ್ರತಿ ಮಾಲು ಪಡೆಯುವವರಿಗೆ, ಗುಲಾಬಿ ಸಾಗಣೆದಾರರಿಗೆ, ಹಳದಿ ಕಳಿಸುವವರಿಗೆ ಅಂತ ಹಾಳೆಯ ಮೇಲೇ ಅಚ್ಚಾಗಿರುತ್ತದೆ, ಅದು ಜಿಎಸ್‌ಟಿಯ ನಿಯಮ. ನಿಯಮದ ಪ್ರಕಾರ ನೋಡಿದರೆ ನಮ್ಮ ಯಜಮಾನರು, ಅಮ್ಮಾವ್ರು, ಇಬ್ಬರು ಮಕ್ಕಳು, ಅತ್ತೆ ಮಾವ, ಒಟ್ಟು ಆರು ನಗ, ತಿರುಪತಿಗೆ ಜಾಬ್ ವರ್ಕಿಗೆ ಹೋಗಿ ವಾಪಸಾಗಬೇಕಾದ ಮಾಲು. ಅವರು ವಾಪಸು ಬಂದರು. ತಲೆ ಮೇಲಿನ ಕೂದಲು ಮಾತ್ರ ಅಲ್ಲೇ ಸ್ಕ್ರ್ಯಾಪ್ ಆಗಿತ್ತು.

ಎಂಟನೆಯದು 'ಟಿವಿ'. ದೊಡ್ಡ ಗಿರಾಕಿಗಳು ತಪಾಸಣೆಗೆ ಬಂದಾಗ ಶೆಡ್ಡಿನ ಗೋಡೆಯ ಮೇಲೆ ಪರದೆಯೊಂದು ಇರಬೇಕು, ಅದರಲ್ಲಿ ಇವತ್ತಿನ ಉತ್ಪಾದನೆ ಎಷ್ಟು, ರಿಜೆಕ್ಷನ್ ಎಷ್ಟು ಅಂತ ಓಡುತ್ತಿರಬೇಕು ಅನ್ನುವುದು ಈಗಿನ ಸಂಪ್ರದಾಯ. '--ಕಿಯೋಸ್ಕ್' ಅಂತ ಬಾಲ ಕಟ್ಟಿದರೆ ಬ್ರೌಸರು ಪರದೆ ಪೂರ್ತಿ ಆವರಿಸಿ, ಮುಚ್ಚುವ ಗುಂಡಿಯನ್ನೂ ನುಂಗಿ ಕೂರುತ್ತದೆ. ಅದನ್ನು ಸ್ಟಾರ್ಟ್‌ಅಪ್ ಫೋಲ್ಡರಿಗೆ ಹಾಕಿದರೆ ಬೆಳಿಗ್ಗೆ ಕರೆಂಟು ಕೊಟ್ಟ ತಕ್ಷಣ ತಾನೇ ಏಳುತ್ತದೆ. ಸಂಜೆ ಮುಚ್ಚುವುದಕ್ಕೆ ಆಲ್ಟ್ ಮತ್ತು ಎಫ್4 ಒತ್ತಬೇಕು ಅಂತ ನಾನು ಹೇಳಿಕೊಡಲಿಲ್ಲ, ಆಪರೇಟರ್ ಎಂಸಿಬಿ ಇಳಿಸಿದ. ಎರಡು ತಿಂಗಳು ದಿನವೂ ಹಾಗೇ ಇಳಿಸಿದ್ದನಂತೆ.

ಆದರೆ ಈ ಬಾಲಕ್ಕೆ ಒಂದು ಶರತ್ತಿದೆ, ಅದು ನನಗೆ ಗೊತ್ತಾದದ್ದು ಗಿರಾಕಿಗಳ ಮುಂದೆ. ಕ್ರೋಮು ಅದಾಗಲೇ ತೆರೆದುಕೊಂಡಿದ್ದರೆ ಹೊಸದಾಗಿ ಕಟ್ಟಿದ ಬಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಜನ ಇದ್ದಾರೆ ಬಾ ಅಂತ ಹಳೆಯ ಸಂಸಾರಕ್ಕೇ ಸೇರಿಸಿಕೊಳ್ಳುತ್ತದೆ. ಅವತ್ತು ಯಾರೋ ಆ ಟಿವಿಯಲ್ಲಿ ಮ್ಯಾಚು ಹಾಕಿಕೊಂಡು ಕಿಟಕಿಯನ್ನು ಕೆಳಗೆ ಇಳಿಸಿ ಹೋಗಿದ್ದರು. ತಪಾಸಣೆಯವರ ಮುಂದೆ ನಾನು ಗತ್ತಿನಿಂದ 'ಟಿವಿ' ಒತ್ತಿದೆ. ಉತ್ಪಾದನೆಯ ಪಟ್ಟಿ ಪೂರ್ತಿ ಪರದೆಗೆ ಬರುವ ಬದಲು ಮ್ಯಾಚಿನ ಪಕ್ಕದ ಟ್ಯಾಬಿನಲ್ಲಿ ತೆರೆದುಕೊಂಡಿತು. ಬಂದವರಲ್ಲಿ ಹಿರಿಯರೊಬ್ಬರು "ಸ್ಕೋರ್ ಎಷ್ಟಾಯ್ತು?" ಅಂದರು. ಉತ್ಪಾದನೆಯದ್ದೋ ಮ್ಯಾಚಿನದ್ದೋ ತಿಳಿಯದೆ ಯಜಮಾನರು ಎರಡನ್ನೂ ಹೇಳಿದರು. ಈಗ ಟಿವಿಗೆ '--ಯೂಸರ್-ಡೇಟಾ-ಡಿರ್' ಅಂತ ಇನ್ನೊಂದು ಬಾಲ ಕಟ್ಟಿ, ಬೇರೆ ಫೋಲ್ಡರಿನಲ್ಲಿ ಬೇರೆ ಒಲೆ ಹೂಡಿಕೊಟ್ಟಿದ್ದೇನೆ. ಬೇರೆ ಒಲೆ ಹೂಡಿದ ಮೇಲೆ ಕಿತ್ತಾಟವಿಲ್ಲ.

ಇನ್ನು ವೈಟ್‌ಫೀಲ್ಡಿನ ಅಕ್ಕನ ಮಗ. ಕಾಡುಗೋಡಿಯಲ್ಲಿ ಮನೆ. ಪೀಣ್ಯಕ್ಕೆ ಬರಬೇಕಾದರೆ ನೇರಳೆ ಮಾರ್ಗ ಹಿಡಿದು ಮೆಜೆಸ್ಟಿಕ್, ಅಲ್ಲಿ ಹಸಿರಿಗೆ ಹಾರಿ ಪೀಣ್ಯ ಇಂಡಸ್ಟ್ರಿ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡ್ ಮೆಟ್ರೋ ಶುರುವಾದಾಗ ಅದು ಕೆ.ಆರ್.ಪುರದವರೆಗೆ ಮಾತ್ರ, ಬೈಯಪ್ಪನಹಳ್ಳಿಗೆ ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ಕೊಂಡಿ ಇರಲಿಲ್ಲ. ಅಕ್ಟೋಬರ್ 9ಕ್ಕೆ ಅದು ಸೇರಿತು. ಆ ಆರು ತಿಂಗಳು ಅವನು ಫೋನಿನಲ್ಲಿ "ಮಾಮ, ಟಾರ್ಗೆಟ್ ಮಿಸ್ಸಿಂಗ್" ಅಂತಲೇ ಮಾತು ಶುರುಮಾಡುತ್ತಿದ್ದ.

ಅವನದು ಉಬುಂಟು. ವಿಂಡೋಸ್ ಕಂಡರೆ ಮೂಗು ಮುರಿಯುತ್ತಾನೆ. "ನಿಮ್ಮ ಶಾರ್ಟ್‌ಕಟ್ ಮುಚ್ಚಿದ ಡಬ್ಬಿ ಮಾಮ, ನಮ್ಮದು ಓದಬಹುದಾದ ಕಾಗದ" ಅಂತ ತೆರೆದು ತೋರಿಸಿದ. ನಿಜಕ್ಕೂ ಕಾಗದವೇ. ಡಾಟ್ ಡೆಸ್ಕ್‌ಟಾಪ್ ಅಂತ ಕೊನೆಯಾಗುವ ಸಾದಾ ಕಡತ. ನೇಮ್ ಅಂತ ಒಂದು ಸಾಲು, ಐಕಾನ್ ಅಂತ ಒಂದು, ಎಕ್ಸೆಕ್ ಅಂತ ಒಂದು. ನಮ್ಮ ಬಾಲವನ್ನೆಲ್ಲ ಆ ಎಕ್ಸೆಕ್ ಸಾಲಿಗೆ ಕಟ್ಟುವುದು. ಎಲ್ಲರಿಗೂ ಸೇರಿದ ಕಾಗದ ವ್ಯವಸ್ಥೆಯ ಫೋಲ್ಡರಿನಲ್ಲಿ ಇರುತ್ತದೆ. ಅದರ ಪ್ರತಿಯನ್ನು ನಮ್ಮ ಸ್ವಂತ ಫೋಲ್ಡರಿಗೆ ತಂದು ತಿದ್ದಿಕೊಂಡರೆ ನಮ್ಮ ಮಟ್ಟಿಗೆ ನಮ್ಮದೇ ನಡೆಯುತ್ತದೆ. ಡೆಸ್ಕ್‌ಟಾಪಿಗೆ ತಂದಿಟ್ಟರೆ ಮಾತ್ರ ಬಲಗುಂಡಿ ಒತ್ತಿ 'ಅಲೋ ಲಾಂಚಿಂಗ್' ಅಂತ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಗುರುತಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಆ ಕಾಗದದೊಳಗೆ ಭಾಷೆಗೊಂದು ಸಾಲು ಇರುವುದು. ಕ್ರೋಮಿನ ಕಾಗದದಲ್ಲಿ ಕನ್ನಡದ ಸಾಲೂ ಇದೆ: 'ಜಾಲ ವೀಕ್ಷಕ'. ಓದಿ ಎದ್ದು ನಿಂತೆ. ಜಾಲ ವೀಕ್ಷಕ ಅಂದರೆ ಮಲ್ಪೆ ಬಂದರಿನಲ್ಲಿ ಬಲೆ ತಪಾಸಣೆಗೆ ನೇಮಕವಾದ ಸರಕಾರಿ ನೌಕರನ ಹಾಗೆ ಕೇಳಿಸಿತು. ಆದರೂ ಇರಲಿ. ಒಬ್ಬರು ಕೂತು ಬರೆದಿದ್ದಾರಲ್ಲ.

ಈ ಹುಡುಗ ಆಫೀಸಿಗೆ ಒಂದು, ಮನೆಗೆ ಒಂದು, ಟೆಸ್ಟಿಂಗಿಗೆ ಒಂದು ಅಂತ ಮೂರು ಬಣ್ಣದ ಐಕಾನು ಮಾಡಿಕೊಂಡಿದ್ದಾನೆ. ಎರಡು ಕ್ಲಿಕ್ ಉಳಿಸುವುದಕ್ಕೆ ಎರಡು ಶನಿವಾರ ಕೂತನಂತೆ. ಉಳಿಸಿದ ಕ್ಲಿಕ್ಕನ್ನೆಲ್ಲ ಜೇಬಿಗೆ ಹಾಕಿಕೊಂಡು ಸೋಮವಾರ ಮಾರತಹಳ್ಳಿ ಸೇತುವೆಯ ಮೇಲೆ ಮುಕ್ಕಾಲು ಗಂಟೆ ನಿಲ್ಲುತ್ತಾನೆ.

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಭಾವನವರ ಕಥೆ ಇನ್ನೊಂದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ 1978ರಲ್ಲಿ ಆ ಊರು ಕಟ್ಟಲು ಹೊರಟಾಗ ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರು ಏನೇನು ಕನಸು ಕಂಡಿದ್ದರೋ, ನಮ್ಮ ಭಾವನವರ ಲ್ಯಾಪ್‌ಟಾಪ್ ಅದರಲ್ಲಿ ಇರಲಿಕ್ಕಿಲ್ಲ. ಅದು ಕಂಪನಿ ಕೊಟ್ಟಿದ್ದು. ಪರದೆಯ ಮೇಲೆ ಟೈಮ್‌ಶೀಟಿಗೆ ಒಂದು ಐಕಾನು, ಬಸ್ಸಿನ ರೂಟಿಗೆ ಒಂದು, ಸುರಕ್ಷತಾ ತರಬೇತಿಗೆ ಒಂದು. ಎಲ್ಲವೂ ಬ್ರೌಸರಿನ ಶಾರ್ಟ್‌ಕಟ್ಟುಗಳೇ, ಯಾವುದೂ ಅವರು ಮಾಡಿದ್ದಲ್ಲ. ತರಬೇತಿಯದನ್ನು ದಿನವೂ ಸಂಜೆ ಅಳಿಸುತ್ತಾರೆ, ಬೆಳಿಗ್ಗೆ ಲಾಗಿನ್ ಆಗುವಷ್ಟರಲ್ಲಿ ಬೇತಾಳ ಮತ್ತೆ ಮರಕ್ಕೆ. ಕೇಂದ್ರದ ಸರ್ವರಿನಿಂದ ನಿಯಮ ಇಳಿಯುವಾಗ ಐಕಾನೂ ಇಳಿಯುತ್ತದೆ. ಪ್ರಾಪರ್ಟೀಸ್ ಒತ್ತಿದರೆ ಟಾರ್ಗೆಟ್ ಸಾಲು ಮಸುಕು, ತಿದ್ದಲು ಬರುವುದಿಲ್ಲ. "ಏನಯ್ಯಾ, ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದಿದ್ದೀನಿ, ಒಂದು ಐಕಾನಿನ ಹೆಸರು ಬದಲಾಯಿಸೋ ಅಧಿಕಾರ ಇಲ್ಲ ನನಗೆ" ಅಂತ ಕೊರಗಿದರು. ನಾನು ಹೆಚ್ಚು ಮಾತಾಡಲಿಲ್ಲ. ಬಿ.ಕಾಂ. ಓದಿದ ನನಗೆ ಒಂಬತ್ತು ಐಕಾನಿನ ಸಾಮ್ರಾಜ್ಯ, ಗಣಪತಿ ಸಮೇತ. ಹೊಸೂರು ರಸ್ತೆಯ ಮೇಲ್ಸೇತುವೆ 2010ರ ಜನವರಿಯಲ್ಲಿ ತೆರೆದಾಗ ಅವರೇ ನನಗೆ ಹೇಳಿದ್ದರು, ಇನ್ನು ಆಫೀಸಿಗೆ ಹತ್ತು ನಿಮಿಷ ಅಂತ. ಮೇಲೆ ಹತ್ತು ನಿಮಿಷ ನಿಜ. ಹತ್ತುವ ಮುಂಚೆ ಸಿಲ್ಕ್ ಬೋರ್ಡು.

ಇಷ್ಟೆಲ್ಲ ಬಾಲದ ಮಹಿಮೆ ಹೇಳಿ ಅದರ ಕೇಡನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟವರಿಗೆಲ್ಲ ಶಾರ್ಟ್‌ಕಟ್ ವೈರಸ್ ಗೊತ್ತು. ಡ್ರಾಯಿಂಗು, ಕೊಟೇಷನ್ನು, ಮಗಳ ಅಂಕಪಟ್ಟಿ ಎಲ್ಲವೂ ಬಾಣದ ಗುರುತಿನ ಐಕಾನುಗಳಾಗಿ ಕೂತಿರುತ್ತಿದ್ದವು. ಅಸಲಿ ಕಡತ ಅಲ್ಲೇ ಇರುತ್ತಿತ್ತು, ಬಚ್ಚಿಟ್ಟು ಮುಂದೆ ನಕಲಿಯನ್ನು ಕೂರಿಸಿರುತ್ತಿದ್ದರು. ನಕಲಿಯನ್ನು ಒತ್ತಿದರೆ ವೈರಸ್ಸೂ ತೆರೆಯುತ್ತಿತ್ತು, ಅನುಮಾನ ಬಾರದಿರಲಿ ಅಂತ ಕಡತವೂ ತೆರೆಯುತ್ತಿತ್ತು. ಕಪ್ಪು ಪರದೆಯಲ್ಲಿ ಆಟ್ರಿಬ್ ಅನ್ನುವ ಆಜ್ಞೆ ಕೊಟ್ಟು ಅಡಗಿದ್ದನ್ನು ಹೊರಗೆ ಕರೆಯಲು ಬರುತ್ತಿದ್ದ ಹುಡುಗರಿಗೆ ಆಗ ಮಂತ್ರವಾದಿಯ ಮರ್ಯಾದೆ ಇತ್ತು. ಇನ್ನೊಂದು ಜಾತಿಯ ಕಳ್ಳರು ಇನ್ನೂ ಸೂಕ್ಷ್ಮ. ಯಾವುದೋ ಪುಕ್ಕಟೆ ಸಾಫ್ಟ್‌ವೇರಿನ ಜೊತೆ ಬಂದು ನಿಮ್ಮ ಕ್ರೋಮಿನ ಟಾರ್ಗೆಟ್ ಸಾಲಿನ ತುದಿಗೆ ಅವರ ಜಾಲತಾಣದ ವಿಳಾಸವನ್ನು ಬಾಲವಾಗಿ ಕಟ್ಟಿ ಹೋಗುತ್ತಾರೆ. ಒತ್ತಿದಾಗಲೆಲ್ಲ ಅವರ ಅಂಗಡಿಯೇ ಮೊದಲು. ಬ್ರೌಸರನ್ನು ತೆಗೆದು ಮತ್ತೆ ಹಾಕಿಸುತ್ತಾರೆ ಜನ. ಅದು ಬೇಕಿಲ್ಲ. ಟಾರ್ಗೆಟ್ ಸಾಲಿನ ತುದಿ ನೋಡಿ. ನೀವು ಕಟ್ಟದ ಬಾಲವಿದ್ದರೆ ಕತ್ತರಿಸಿ ಅಪ್ಲೈ ಒತ್ತಿ. ಅದನ್ನು ತಂದ ಪುಕ್ಕಟೆ ಸಾಫ್ಟ್‌ವೇರನ್ನೂ ಅಳಿಸಿ, ಇಲ್ಲದಿದ್ದರೆ ಬಾಲ ಮತ್ತೆ ಚಿಗುರುತ್ತದೆ.

ಎಂಟಾಯಿತು. ಒಂಬತ್ತನೆಯದು ಪರದೆಯ ಬಲತುದಿಯಲ್ಲಿ, ಕಸದ ಬುಟ್ಟಿಯ ಪಕ್ಕದಲ್ಲಿದೆ. ಅದರ ಹೆಸರು 'ರಜಾ ನಿಯಮಗಳು'. ಚಿತ್ರ ಒಂದು ಹಳದಿ ಫೋಲ್ಡರು. ಅದು ನನ್ನದು, ಇನ್‌ಕಾಗ್ನಿಟೊ ಬಾಲದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಅದರಲ್ಲಿ ಬೇರೆ ಕೆಲಸಗಳ ಜಾಹೀರಾತು ನೋಡುತ್ತೇನೆ. ಇನ್‌ಕಾಗ್ನಿಟೊ ಅಂದರೆ ಮಾಯಾಕಂಬಳಿಯಲ್ಲ; ಈ ಕಂಪ್ಯೂಟರಿನ ಚರಿತ್ರೆಯಲ್ಲಿ ಉಳಿಯುವುದಿಲ್ಲ ಅಷ್ಟೆ, ನೆಟ್‌ವರ್ಕು ನೋಡಿಕೊಳ್ಳುವವರು ನೋಡಬಲ್ಲರು. ನಮ್ಮಲ್ಲಿ ನೆಟ್‌ವರ್ಕು ನೋಡಿಕೊಳ್ಳುವವನೂ ನಾನೇ. ಇನ್ನು ಹೆಸರು. ನಮ್ಮ ಯಜಮಾನರು ಜಗತ್ತಿನಲ್ಲಿ ಯಾವ ಐಕಾನು ಒತ್ತಿದರೂ ರಜಾ ನಿಯಮ ಅನ್ನುವುದನ್ನು ಒತ್ತಲಾರರು ಅಂತ ನಂಬಿ ಇಟ್ಟ ಹೆಸರು ಅದು. ಮೂರು ವರ್ಷ ನಂಬಿಕೆ ಹುಸಿಯಾಗಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಚಲನ್ ಹಾಳೆ ತರಲು ಹೋಗಿ ಬರುತ್ತೇನೆ, ಯಜಮಾನರು ನನ್ನ ಕುರ್ಚಿಯಲ್ಲಿ ಕೂತು ಪರದೆಯನ್ನೇ ದಿಟ್ಟಿಸುತ್ತಿದ್ದಾರೆ. ಒತ್ತಿಬಿಟ್ಟಿದ್ದರು. ಪರದೆಯ ತುಂಬ ಇನ್‌ಕಾಗ್ನಿಟೊದ ಕಪ್ಪು ಪುಟ, ನಡುವೆ ಒಂದು ಟೋಪಿ, ಒಂದು ಕನ್ನಡಕ.

"ಏನ್ರೀ ಇದು? ರಜಾ ನಿಯಮ ಅಂತ ಇದೆ, ಒಳಗೆ ನೋಡಿದರೆ ಏನೂ ಇಲ್ಲವಲ್ರೀ?"

"ನೀವು ಕೊಟ್ಟಿದ್ದಷ್ಟೇ ಅಲ್ವಾ ಸಾರ್ ಇರೋದು" ಅಂದೆ.

ಅವರು ಏನೂ ಹೇಳದೆ ಎದ್ದು ಗಾಜಿನ ಬಾಗಿಲು ಎಳೆದುಕೊಂಡು ಹೋದರು. ಆ ಸಲ ಆಯುಧಪೂಜೆಗೆ ಒಂದು ದಿನ ಜಾಸ್ತಿ ರಜೆ ಕೊಟ್ಟರು.